ಶ್ರುತಿ ಸೇರದ ತಂಬೂರಿ

ಎರಡು ಸಿ.ಡಿ. ಹಿಡಿದು ಗಾಯಕಿ ವಿಮರ್ಶಕರ ಮನೆಗೇ ಬಂದಳು. ಒಂದು ಅವಳ ಹೊಸ ಧ್ವನಿಮುದ್ರಿಕೆ, ಇನ್ನೊಂದು ತೀರಿಕೊಂಡ ಅವಳ ಗುರುಗಳ ಹಳೆಯ ಕಛೇರಿ. ಭಾನುವಾರದ ಪತ್ರಿಕೆಯಲ್ಲಿ ವಿಮರ್ಶಕರು ಎರಡಕ್ಕೂ ಒಂದೇ ಮಾತು ಬರೆದಿದ್ದರು: ತಂಬೂರಿಯ ಶ್ರುತಿ ಸೇರಿಲ್ಲ.

"ನನ್ನದು ಬಿಡಿ ಸರ್. ನಮ್ಮ ಗುರುಗಳು ಶ್ರುತಿ ಕೂಡೋವರೆಗೂ ಬಾಯಿ ತೆರೀತಿರಲಿಲ್ಲ. ನೀವು ಬರೆದದ್ದು ಓದಿ ಕಂಪನಿಯವರು ಅವರ ಉಳಿದ ಟೇಪುಗಳನ್ನ ಹೊರಗೆ ತರಲ್ಲ ಅಂತಿದ್ದಾರೆ."

"ಅದಕ್ಕೆ ನಾನೇನಮ್ಮ ಮಾಡ್ಲಿ? ಗುರುಗಳು ಅಂತ ಕಿವಿ ಮುಚ್ಚಿಕೊಳ್ಳಲಾ?"

"ಇನ್ನೊಂದ್ಸಲ ಕೇಳಿ, ಸಾಕು."

ವಿಮರ್ಶಕರಿಗೆ ರೇಗಿತು. "ಈ ಕಿವಿ ಯಾವತ್ತೂ ಯಾರ ಮುಲಾಜಿಗೂ ಬಿದ್ದಿಲ್ಲ. ಈಗೀಗಂತೂ ನನಗೆ ಬರೋ ರೆಕಾರ್ಡೆಲ್ಲ ಹೀಗೇ, ಒಂದರಲ್ಲೂ ತಂಬೂರಿ ಸರಿಯಿಲ್ಲ. ಹೋಗಿ, ನಿಮ್ಮ ಗುರುಗಳದ್ದೇ ಹಾಕಿ. ಹಾಡು ಶುರುವಾಗೋ ಮುಂಚೆ ಬರೀ ತಂಬೂರಿ ಮೀಟ್ತಾರಲ್ಲ, ಅಲ್ಲೇ ತೋರಿಸ್ತೀನಿ."

ಅವಳು ಎದ್ದು, ಅವರ ಬೆನ್ನ ಹಿಂದಿದ್ದ ಪ್ಲೇಯರ್ ಬಳಿ ಹೋದಳು. ವಿಮರ್ಶಕರು ಆರಾಮಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಗಂಟಿಕ್ಕಿತು.

"ಹ್ಞಾಂ, ಕೇಳಿಸ್ತಾ? ಮಂದ್ರದ ತಂತಿ ಕೂದಲೆಳೆಯಷ್ಟು ಇಳಿದಿದೆ. ಈಗ ಹೇಳಿ, ನಾನು ಬರೆದದ್ದು ಸುಳ್ಳಾ?"





"ಸರ್," ಎಂದಳು ಅವಳು ಮೆಲ್ಲಗೆ, "ಸಿ.ಡಿ. ಇನ್ನೂ ನನ್ನ ಕೈಯಲ್ಲೇ ಇದೆ."