ರದ್ದಾಗದ ಕಾರ್ಡು

ಕಾರ್ಖಾನೆಯಲ್ಲಿ ಅಂದೇ ಹೊಸ ಡಿಜಿಟಲ್ ಕಾರ್ಡುಗಳು ಜಾರಿಗೆ ಬರಬೇಕಿತ್ತು. ಸರ್ವರ್‌ನಲ್ಲಿ ಹಳೆಯವನ್ನು ರದ್ದು ಮಾಡುತ್ತಿದ್ದ ಇಂಜಿನಿಯರ್ ಒಂದು ಹೆಸರಿನ ಮುಂದೆ ನಿಂತುಬಿಟ್ಟ.

"ಸಾರ್, ಈ ಸ್ಟೋರ್‌ಕೀಪರ್ ಹೋದ ವರ್ಷ ತೀರಿಕೊಂಡ್ರಲ್ವಾ? ಇವರ ಕಾರ್ಡು ದಿನಾ ಬೆಳಗ್ಗೆ ಗೇಟಲ್ಲಿ ಬಳಕೆ ಆಗ್ತಿದೆ."

ಮ್ಯಾನೇಜರ್ ಕುರ್ಚಿಯಿಂದ ಎದ್ದೇಬಿಟ್ಟರು. "ಯಾವನೋ ಕಳ್ಳ ಒಳಗೆ ನುಗ್ತಿದಾನೆ ಕಣ್ರೀ! ಮೊದ್ಲು ರದ್ದು ಮಾಡ್ರೀ!"

"ಈಗ್ಲೇ ಮಾಡಿದ್ರೆ ಕಳ್ಳ ಸಿಗಲ್ಲ ಸಾರ್. ಬರೋ ಹೊತ್ತಾಯ್ತು, ಹಿಡಿಯೋಣ."

ಇಬ್ಬರೂ ಗೇಟಿನ ಕಂಬದ ಮರೆಯಲ್ಲಿ ನಿಂತರು. ಮ್ಯಾನೇಜರ್ ಗಳಿಗೆಗೊಮ್ಮೆ ಇಣುಕಿದರು, ಕತ್ತಿನ ಬೆವರು ಒರೆಸಿಕೊಂಡರು, ಪೊಲೀಸರಿಗೆ ಹೇಳಲೆಂದು ಫೋನ್ ತೆಗೆದು ಮತ್ತೆ ಜೇಬಿಗಿಟ್ಟರು.

ಬಂದವಳು ಸ್ಟೋರ್‌ಕೀಪರನ ಹೆಂಡತಿ. ಅನುಕಂಪದ ಆಧಾರದ ಮೇಲೆ ಗಂಡನ ಕೆಲಸಕ್ಕೇ ಸೇರಿದ್ದಳು.

"ಇವರಿಗೆ ಬೇರೆ ಕಾರ್ಡ್ ಕೊಟ್ಟಿದೀವಲ್ರೀ!" ಮ್ಯಾನೇಜರ್ ಹಲ್ಲು ಕಡಿದರು. "ಗಂಡಂದು ಯಾಕೆ?"

ಅವಳು ಗಂಡನ ಕಾರ್ಡು ತಾಗಿಸಿದಳು. ಗೇಟಿನ ಪುಟ್ಟ ಪರದೆಯಲ್ಲಿ ಅವನ ನಗುಮುಖ ಮೂಡಿತು, ಕೆಳಗೆ 'ಶುಭೋದಯ' ಎಂದು ಬಂತು.

"ಮಗಳು ಸ್ಕೂಲಿಗೆ ಹೋದ್ಳು ರೀ," ಎಂದಳು. ಮುಖ ಮಾಯವಾಗುವವರೆಗೆ ಕಾದು, ತನ್ನ ಕಾರ್ಡು ತಾಗಿಸಿ ಒಳಗೆ ಹೋದಳು.