ಓರಗಿತ್ತಿಯ ನೀರು

ಕಿರಿಯ ಓರಗಿತ್ತಿ ತವರಿಗೆ ಹೋದ ಮರುದಿನ ಬೆಳಿಗ್ಗೆ ಹಿರಿಯ ಸೊಸೆ ಅಡುಗೆಮನೆಯಿಂದ ಸೋಡಾಪುಡಿಯ ಡಬ್ಬಿ ತೆಗೆದುಕೊಂಡು ಮಹಡಿ ಹತ್ತಿದಳು. ಮೇಲಿನ ಕೋಣೆಯ ಕಿಟಕಿ ಪಕ್ಕದ ಅಕ್ವೇರಿಯಮ್ಮಿನಲ್ಲಿ ಒಂದು ಜೋಡಿ ಏಂಜಲ್ ಮೀನು ಅಗಲವಾದ ಎಲೆಯ ಮೇಲೆ ಮೊಟ್ಟೆ ಇಟ್ಟು, ಸರದಿಯಂತೆ ರೆಕ್ಕೆ ಬೀಸುತ್ತಾ ಕಾಯುತ್ತಿತ್ತು. ಅವಳು ಒಂದು ಚಮಚ ಪುಡಿಯನ್ನು ನೀರಿಗೆ ಸುರಿದಳು. ಸ್ವಲ್ಪ ಹೊತ್ತು ನಿಂತು ನೋಡಿ, ಇನ್ನೊಂದು ಚಮಚ ಸುರಿದಳು.

ಆ ಮನೆಗೆ ಮೀನು ತಂದವಳೇ ಅವಳು. ಕಿರಿಯವಳು ಸೊಸೆಯಾಗಿ ಬಂದಾಗ ಮೀನಿಗೆ ಎಷ್ಟು ಕಾಳು ಹಾಕಬೇಕೆಂಬುದೂ ತಿಳಿದಿರಲಿಲ್ಲ. ಎಲ್ಲವನ್ನೂ ಹೇಳಿಕೊಟ್ಟು, ಕೊನೆಗೆ ತನ್ನ ಟ್ಯಾಂಕಿನಿಂದಲೇ ಈ ಜೋಡಿಯನ್ನು ಎತ್ತಿ ಕೊಟ್ಟಿದ್ದಳು. ಕೆಳಗಿದ್ದಷ್ಟು ದಿನ ಒಂದನ್ನೊಂದು ಅಟ್ಟಾಡಿಸಿ ಕಚ್ಚುತ್ತಿದ್ದ ಮೀನುಗಳು ಮಹಡಿ ಹತ್ತಿದ ಮೇಲೆ ಸಂಸಾರ ಹೂಡಿದವು.

ಮನೆಗೆಲ್ಲ ಬರುವುದು ಒಂದೇ ಕೊಳವೆಬಾವಿಯ ಗಡಸು ನೀರು. ಕಿರಿಯವಳು ಅದಕ್ಕೆ ಅರ್ಧದಷ್ಟು ಫಿಲ್ಟರ್ ನೀರು ಬೆರೆಸಿ, ಒಣಗಿದ ಬಾದಾಮಿ ಎಲೆ ನೆನೆಹಾಕಿ, ತೆಳು ಚಹಾದ ಬಣ್ಣಕ್ಕೆ ತರುತ್ತಿದ್ದಳು. ಆ ಮೀನಿಗೆ ಬೇಕಾದದ್ದು ಅಂಥ ಮೆದುವಾದ, ತುಸು ಹುಳಿಯ ನೀರೇ. ಗುಟ್ಟನ್ನು ಅವಳು ಬಚ್ಚಿಟ್ಟೂ ಇರಲಿಲ್ಲ. ನೀವೂ ಹೀಗೇ ಮಾಡಿ ಅಕ್ಕ, ಬೇಕಾದರೆ ನಾನೇ ಬೆರೆಸಿ ಕೊಡುತ್ತೇನೆ ಎಂದು ಎಷ್ಟೋ ಸಲ ಹೇಳಿದ್ದಳು. ತಾನೇ ಅಆಇಈ ಕಲಿಸಿದವಳಿಂದ ಪಾಠ ಹೇಳಿಸಿಕೊಳ್ಳಲು ಹಿರಿಯವಳಿಗೆ ಮನಸ್ಸು ಒಪ್ಪಲಿಲ್ಲ. ಅದೂ ಹೋಗಲಿ ಎಂದರೆ, ಮೊದಲೆಲ್ಲ ತನ್ನ ಟ್ಯಾಂಕಿನ ಮುಂದೆ ಕೂತು ತರಕಾರಿ ಹೆಚ್ಚುತ್ತಿದ್ದ ಅತ್ತೆ ಈಗ ಮಂಡಿನೋವನ್ನೂ ಲೆಕ್ಕಿಸದೆ ಗೋಡೆ ಹಿಡಿದುಕೊಂಡು ಮಹಡಿ ಹತ್ತುತ್ತಿದ್ದರು. ಬಂದವರ ಮುಂದೆಲ್ಲ ‘ಚಿಕ್ಕವಳ ಕೈಗುಣ’ ಎನ್ನುತ್ತಿದ್ದರು. ಆ ಮಾತು ಹಿರಿಯವಳಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ದಿನವೂ ಸಿಗುತ್ತಿತ್ತು.

ಅವಳು ಎಣಿಸಿದ್ದು ಇಷ್ಟೇ: ಸೋಡಾದಿಂದ ಹುಳಿ ಮುರಿದು ನೀರು ತನ್ನ ಟ್ಯಾಂಕಿನ ನೀರಿನಂತಾಗಲಿ, ಮೊಟ್ಟೆ ಕೆಡಲಿ, ಅತ್ತೆ ಕೆಳಗಿಳಿದು ಬರಲಿ. ಆದರೆ ಬಟ್ಟೆ ಒಗೆದು ಹಿಂಡುತ್ತಿದ್ದಾಗ ಮೇಲಿನಿಂದ ಅತ್ತೆಯ ಕೂಗು ಕೇಳಿತು. ಓಡಿಹೋಗಿ ನೋಡಿದರೆ ಎರಡೂ ಮೀನು ಮೊಟ್ಟೆ ಬಿಟ್ಟು ಮೇಲಕ್ಕೆ ಬಂದು, ರೆಕ್ಕೆ ಮುದುಡಿಕೊಂಡು, ಬಾಯಿ ಬಾಯಿ ಬಿಡುತ್ತಿದ್ದವು. ಹೆಣ್ಣು ಮೀನಿನ ಬಾಲದಲ್ಲಿ ಒಂದು ಹಳೆಯ ಸೀಳಿತ್ತು. ಅದು ಬೆರಳಿನ ಉಗುರಿನಷ್ಟು ಇದ್ದಾಗ ಆ ಬಾಲಕ್ಕೆ ಔಷಧಿ ಮಾಡಿ ಉಳಿಸಿಕೊಂಡವಳು ಅವಳೇ.

ಹಾಳಾದ ನೀರನ್ನೆಲ್ಲ ಒಮ್ಮೆಗೇ ಚೆಲ್ಲಿ ಬೇರೆ ತುಂಬಿದರೆ ಆ ಏಟಿಗೇ ಮೀನು ಸಾಯುತ್ತದೆಂದು ಅವಳಿಗೆ ಗೊತ್ತಿತ್ತು. ಕಿರಿಯವಳು ಬಾಲ್ದಿಯಲ್ಲಿ ಬೆರೆಸಿಟ್ಟು ಹೋಗಿದ್ದ ನೀರಿತ್ತು. ಒಂದು ಚೊಂಬು ತೆಗೆಯುವುದು, ಒಂದು ಚೊಂಬು ಮೆಲ್ಲಗೆ ಹಾಕುವುದು, ಪುಟ್ಟ ಗಾಜಿನ ನಳಿಕೆಯಲ್ಲಿ ಟ್ಯಾಂಕಿನ ನೀರು ಹಿಡಿದು, ಅದರ ಹುಳಿ ಅಳೆಯುವ ಪಿಎಚ್ ಔಷಧದ ಹನಿ ಬಿಡುವುದು. ಕಡುನೀಲಿ ಇದ್ದದ್ದು ಹಸಿರಿಗೆ ಇಳಿಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅತ್ತೆ ತಟ್ಟೆಯಲ್ಲಿ ಊಟ ತಂದಿಟ್ಟರು. ಅದು ಆರಿ ಹೋಯಿತು. ನೀರು ಹೇಗೆ ಕೆಟ್ಟಿತೆಂದು ಅವರು ಕೇಳಿದಾಗ ಅವಳು ಕೇಳಿಸದವಳಂತೆ ಚೊಂಬು ಅದ್ದಿದಳು. ಸಂಜೆ ಬೆಳಕು ಇರುವಾಗಲೇ ಹೆಣ್ಣು ಮೀನು ಎಲೆಯ ಬಳಿಗೆ ಮರಳಿ ರೆಕ್ಕೆ ಬೀಸತೊಡಗಿತು. ಮೊಟ್ಟೆಗಳಲ್ಲಿ ಮುಕ್ಕಾಲು ಪಾಲು ಬೆಳ್ಳಗೆ ಕೆಟ್ಟಿದ್ದವು. ಎಲೆಯ ಅಂಚಿನಲ್ಲಿ ಒಂದಷ್ಟು ಮಾತ್ರ ತಿಳಿಯಾಗಿ ಉಳಿದಿದ್ದವು.

ಕಿರಿಯವಳು ತವರಿನಿಂದ ಬರುವ ಹೊತ್ತಿಗೆ ಎಲೆಗೆ ಅಂಟಿಕೊಂಡ ಮರಿಗಳು ಕೂದಲೆಳೆಯಂಥ ಬಾಲ ಆಡಿಸುತ್ತಿದ್ದವು. ಅವಳು ಚೀಲ ಕೆಳಗಿಡುವ ಮೊದಲೇ ಅತ್ತೆ ನಡೆದದ್ದನ್ನೆಲ್ಲ ವರ್ಣಿಸಿದರು. ಅಕ್ಕ ತುತ್ತು ಅನ್ನ ಮುಟ್ಟಲಿಲ್ಲ, ಕೂತಲ್ಲಿಂದ ಏಳಲಿಲ್ಲ, ಅವಳಿಲ್ಲದಿದ್ದರೆ ಒಂದೂ ಉಳಿಯುತ್ತಿರಲಿಲ್ಲ ಎಂದರು. ಎಷ್ಟೋ ಕಾಲದಿಂದ ಹಿರಿಯವಳ ಕಿವಿ ಕಾದಿದ್ದು ಇದೇ ಹೊಗಳಿಕೆಗೆ. ಈಗ ಅದು ಕಾದ ಎಣ್ಣೆಯಂತೆ ಬಿತ್ತು. ಕಿರಿಯವಳು ಕಣ್ಣು ತುಂಬಿಕೊಂಡು ಅವಳ ಕೈ ಹಿಡಿದಾಗ ತಡೆಯಲಾಗಲಿಲ್ಲ.

“ಕೆಡಿಸಿದ್ದೂ ನಾನೇ,” ಎಂದಳು. “ಸೋಡಾಪುಡಿ ಹಾಕ್ದೆ. ಬೇಕು ಅಂತಾನೇ ಹಾಕ್ದೆ.”

ಕಿರಿಯವಳು ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು.

“ಕೇಳಿದ್ರಾ ಅತ್ತೆ? ಹೊರಡೋ ಗಡಿಬಿಡೀಲಿ ನಾನೇ ಟ್ಯಾಂಕಿನ ನೀರು ಬದಲಿಸೋದ್ರಲ್ಲಿ ಏನೋ ಎಡವಟ್ಟು ಮಾಡಿದೀನಿ. ನನಗೆ ಬೇಜಾರಾಗುತ್ತೆ ಅಂತ ಅಕ್ಕ ಅದನ್ನ ತಮ್ಮ ತಲೆಗೆ ಕಟ್ಕೋತಿದಾರೆ.”

“ಅವಳು ಮೊದಲಿಂದ್ಲೂ ಹಾಗೇ,” ಎಂದರು ಅತ್ತೆ.

“ಮರಿಗಳು ಈಜೋಕೆ ಶುರುಮಾಡಿದ ಮೇಲೆ ಅರ್ಧ ನಿಮಗೇ ಅಕ್ಕ,” ಎನ್ನುತ್ತಾ ಕಿರಿಯವಳು ಗಾಜಿಗೆ ಮುಖ ಆನಿಸಿ ಕೂತಳು. ಹಿರಿಯವಳು ಪಕ್ಕದಲ್ಲಿ ನಿಂತು ಆ ಮುಖವನ್ನೇ ನೋಡಿದಳು. ಎಲ್ಲಾದರೂ ಒಂದು ಗೆರೆ, ಒಂದು ಸಣ್ಣ ಶಂಕೆ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಇಂಥ ಮನಸ್ಸನ್ನು ಕಂಡು ಹೊಟ್ಟೆ ಉರಿಯುವುದಕ್ಕಿಂತ ಮೀನಿಗಾಗಿ, ಅತ್ತೆಯ ಒಂದು ಮಾತಿಗಾಗಿ ಹೊಟ್ಟೆ ಉರಿದದ್ದೇ ಎಷ್ಟೋ ವಾಸಿ ಎನ್ನಿಸಿತು ಅವಳಿಗೆ.

“ಒಂದ್ಸಲ ನನ್ನ ಮೇಲೆ ಅನುಮಾನಪಡೇ,” ಎಂದಳು. “ಒಂದೇ ಒಂದ್ಸಲ.”