ನೀಲಾಂಬಿಕಾ ಹುಡುಕಿದ ತಪ್ಪು

ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಅಲ್ಲಿ ಎಲ್ಲರಿಗಿಂತ ಹಳಬಳು ನೀಲಾಂಬಿಕಾ... ಎಲ್ಲರಿಗಿಂತ ಹೊಸಬಳು ತಬಸ್ಸುಮ್.

ಕಣ್ಣು ಕಾಣದವರಿಗಾಗಿ ಆಡಿಯೋ ಪುಸ್ತಕಗಳ ವೆಬ್‌ಸೈಟ್ ಮಾಡುವ ಕೆಲಸ ಇಬ್ಬರ ಪಾಲಿಗೆ ಬಂತು.

ಪುಸ್ತಕ ಹುಡುಕುವ ಪುಟ ತಬಸ್ಸುಮ್‌ಳದು. ಅಲ್ಲಿ ಹಾಕಿದ ಹೆಸರನ್ನು ತೆಗೆದುಕೊಂಡು ಪುಸ್ತಕಗಳ ಪಟ್ಟಿ ಇರುವ ಡೇಟಾಬೇಸಿಗೆ ಮುಟ್ಟಿಸುವ ‘ಕಂಟ್ರೋಲರ್’ ಎಂಬ ಕೋಡ್ ನೀಲಾಂಬಿಕಾಳದು. ಒಳಗಿನ ಕೆಲಸ... ಯಾರ ಕಣ್ಣಿಗೂ ಬೀಳುವುದಿಲ್ಲ.

"ತಬಸ್ಸುಮ್, ಪುಟ ಭಾಳ ಚಂದ ಮಾಡೀಯವಾ!" ಮ್ಯಾನೇಜರ್ ಕುಲಕರ್ಣಿ ಸರ್ ದಿನಾ ಹೊಗಳುತ್ತಿದ್ದರು.

ಪ್ರತಿ ಸಲವೂ ನೀಲಾಂಬಿಕಾಳ ಎದೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು. ಆ ಹುಡುಗಿಯ ನಗು ಕೇಳಿಸಿದರೂ ಸಾಕು, ಕುಡಿಯುತ್ತಿದ್ದ ಚಹಾ ಕಹಿ...

ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು, ಆ ಪುಟದಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಹಾಕಿ ನೋಡಿದಳು.

ಸಿಕ್ಕೇಬಿಟ್ಟಿತು! ಹೆಸರಿನ ಕೊನೆಗೆ ಒಂದು ಸ್ಪೇಸ್, ಅಂದರೆ ಖಾಲಿ ಜಾಗ, ಬಿದ್ದರೆ ಸಾಕು, ಇರುವ ಪುಸ್ತಕವೂ ‘ಇಲ್ಲ’ ಎನ್ನುತ್ತಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಎಲ್ಲರೆದುರು ಬಯಲಾಗಲಿ ಎಂದು ಕಾದಳು...

ಎಲ್ಲರೆದುರು ವೆಬ್‌ಸೈಟ್ ಬಳಸಿ ನೋಡುವ ಡೆಮೊ ದಿನ ಶಿವಬಸಯ್ಯ ಮಾಸ್ತರು ಬಂದರು. ಹುಟ್ಟಿನಿಂದ ಕಣ್ಣು ಕಾಣದವರು. ಫೋನಿನ ಮೈಕ್ ಒತ್ತಿ ತಮಗೆ ಬೇಕಾದ ಪುಸ್ತಕದ ಹೆಸರು ಹೇಳಿದರು. ಮೈಕ್ ತಾನಾಗಿಯೇ ಕೊನೆಗೊಂದು ಸ್ಪೇಸ್ ಸೇರಿಸಿತು.

"ಪುಸ್ತಕ ಇಲ್ಲ" ಎಂದಿತು ಫೋನು. ಮತ್ತೆ ಹೇಳಿದರು... ಮತ್ತೆ ಅದೇ ಉತ್ತರ.

"ಸಾಲ್ಯಾಗ ಇದ್ದಾಗ ಗೆಳೆಯಾ ಒಬ್ಬಾಂವ ಅರ್ಧ ಓದಿ ಹೇಳಿದ್ದ... ಉಳಿದ ಅರ್ಧ ಇಲ್ಲಿ ಸಿಗ್ತೈತಿ ಅಂತ ಬಂದೆ. ಇಲ್ಲೂ ಇಲ್ಲೇನ್ರೀ?"

ಕುಲಕರ್ಣಿ ಸರ್ ಮುಖ ಕೆಂಪಾಯಿತು. "ಏನಿದು ತಬಸ್ಸುಮ್?"

ಈ ಗಳಿಗೆಗಾಗಿಯೇ ಕಾದಿದ್ದಳು ನೀಲಾಂಬಿಕಾ. ಆದರೆ ಮಾಸ್ತರ ಮುಖ ನೋಡಲು ಅವಳಿಗೆ ಆಗಲಿಲ್ಲ...

"ತಪ್ಪಾತ್ರಿ ಸರ್, ಸ್ವಲ್ಪ ಟೈಮ್ ಕೊಡ್ರಿ" ಎಂದು ತಬಸ್ಸುಮ್ ಕಂಪ್ಯೂಟರ್ ಮುಂದೆ ಕೂತಳು.

ನೀಲಾಂಬಿಕಾ ಹಿಂದೆ ನಿಂತು ನೋಡಿದಳು. ಆ ಹುಡುಗಿ ತೆರೆದದ್ದು ಪುಟವನ್ನಲ್ಲ... ಕಂಟ್ರೋಲರನ್ನು!

ಹೌದಲ್ಲ! ಪುಟ ಬಂದದ್ದನ್ನು ಬಂದ ಹಾಗೆಯೇ ಕಳಿಸುತ್ತದೆ. ಅದನ್ನು ಸರಿಮಾಡಿ ಒಳಗೆ ಬಿಡಬೇಕಾದದ್ದು ಕಂಟ್ರೋಲರ್. ಹೊಟ್ಟೆಕಿಚ್ಚಿನಲ್ಲಿ ತನ್ನ ಕೋಡ್ ತೆರೆದು ನೋಡಬೇಕೆಂದೇ ಅವಳಿಗೆ ಹೊಳೆದಿರಲಿಲ್ಲ.

"ನನ್ನ ಹೆಸರು ಯಾಕ ಹೇಳ್ಲಿಲ್ಲ?" ಪಿಸುಗುಟ್ಟಿದಳು.

"ನೀಲಕ್ಕಾ, ಮಾಸ್ತರಿಗೆ ಪುಸ್ತಕ ಬೇಕಾಗೇತಿ. ತಪ್ಪು ಯಾರದು ಅಂತ ತಗೊಂಡು ಅವರೇನ್ ಮಾಡ್ಬೇಕ್ರಿ?"

ಕೀಬೋರ್ಡಿನಿಂದ ಕಣ್ಣೆತ್ತದೆ ತಬಸ್ಸುಮ್ ಮೆಲ್ಲಗೆ ಅಂದಳು, "ಖರೇ ಹೇಳ್ಲೇನ್ರಿ? ನಿಮ್ಮನ್ನ ನೋಡಿದ್ರ ನನಗ ಹೊಟ್ಟಿಕಿಚ್ಚು ಆಗ್ತಿತ್ತು. ಕಠಿಣ ಕೆಲಸ ಎಲ್ಲಾ ಸರ್ ನಿಮ್ಮನ್ನ ನಂಬಿ ಕೊಡ್ತಾರ... ನನಗ ಬರೇ ಮ್ಯಾಲಿನ ಅಂದಚಂದ."

ನೀಲಾಂಬಿಕಾಳ ಕಣ್ಣು ತುಂಬಿ ಬಂತು...

ಕೋಡ್ ಸರಿಯಾದ ಮೇಲೆ ಮಾಸ್ತರು ಮತ್ತೊಮ್ಮೆ ಹೆಸರು ಹೇಳಿದರು. ಪುಸ್ತಕ ಸಿಕ್ಕಿತು! ಇಯರ್‌ಫೋನ್ ಹಾಕಿಕೊಂಡು, ಸುತ್ತ ಜನ ಇರುವುದನ್ನೇ ಮರೆತು ಕೇಳುತ್ತ ಕೂತರು.

ನೀಲಾಂಬಿಕಾ ನೇರ ಕುಲಕರ್ಣಿ ಸರ್ ಹತ್ತಿರ ಹೋದಳು.

"ಸರ್, ತಪ್ಪು ಆಕೀದಲ್ಲ, ನಂದು. ಪುಸ್ತಕ ಸಿಗಂಗಿಲ್ಲ ಅಂತ ಮೊದಲ ಗೊತ್ತಿತ್ತು... ಬೇಕಂತ ಸುಮ್ಮನಿದ್ದೆ."

 

ಮುಂದಿನ ವೆಬ್‌ಸೈಟಿನ ಕೆಲಸ ಬಂದಾಗ ಕಂಟ್ರೋಲರ್ ಬರೆದದ್ದು ತಬಸ್ಸುಮ್. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಲಿಸಿದ್ದು ನೀಲಾಂಬಿಕಾ.

*ಇನ್ನೊಬ್ಬರಲ್ಲಿ ತಪ್ಪು ಹುಡುಕುತ್ತ ಕೂತವರಿಗೆ ತಮ್ಮ ತಪ್ಪೂ ಕಾಣುವುದಿಲ್ಲ, ಎದುರಿನವರ ಮನಸ್ಸೂ ಕಾಣುವುದಿಲ್ಲ.*

ನಿಮಗೆ ಯಾರನ್ನು ಕಂಡರೆ ಹೊಟ್ಟೆಕಿಚ್ಚೋ, ಅವರ ಹತ್ತಿರ ಒಮ್ಮೆಯಾದರೂ ಮನಸ್ಸು ಬಿಚ್ಚಿ ಮಾತಾಡಿದ್ದೀರಾ...?